ಸಿ ಡ್ರೈವ್ ಹಿಗ್ಗಿಸಲು ರಿಕವರಿ ಪಾರ್ಟಿಷನ್ ಅಳಿಸಬಹುದೇ?

ಪ್ರಶ್ನೆ: ಮಂಗಳೂರಿನ ಬಂದರಿನಲ್ಲಿ ನಮ್ಮದು ಅಡಿಕೆ ಮಂಡಿ. ಲೆಕ್ಕಪತ್ರದ ಜೊತೆ ಆಫೀಸಿನ ಕಂಪ್ಯೂಟರ್ ಕೆಲಸವೂ ನನ್ನ ಮೇಲೆಯೇ ಉಂಟು. ಮೈಕ್ರೋಸಾಫ್ಟಿನ ಹೈಪರ್-ವಿ ಹಾಕಿದ ಒಂದೇ ಕಂಪ್ಯೂಟರಿನಲ್ಲಿ (ಹೋಸ್ಟ್) ಮೂರು ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರುಗಳು, ಓಡುತ್ತಿವೆ. ಟ್ಯಾಲಿ ಮತ್ತು ಬಿಲ್ಲಿಂಗ್ ಇರುವುದು ವಿಂಡೋಸ್ ಸರ್ವರ್ 2022ರಲ್ಲಿ. ಉಳಿದೆರಡು ಹಳೆಯ ವಿಂಡೋಸ್ 10. ಸರ್ವರಿನ ಸಿ ಡ್ರೈವ್ 80 ಜಿಬಿ ಇತ್ತು, ತುಂಬುತ್ತಾ ಬಂತು. ಆ ವಿಎಂಗೆ ಡಿಸ್ಕ್ ಆಗಿರುವ ವಿಎಚ್‌ಡಿಎಕ್ಸ್ ಫೈಲನ್ನು 150 ಜಿಬಿಗೆ ಹಿಗ್ಗಿಸಿದೆ. ಒಳಗೆ ಹೋಗಿ ನೋಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತಲು ಬರುವುದಿಲ್ಲ. ಸಿ ಡ್ರೈವಿಗೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ರಿಪೇರಿಗೆಂದು ಡಿಸ್ಕಿನಲ್ಲಿ ಬೇರೆ ಇಟ್ಟ ಭಾಗ) ಕೂತಿದೆ. ಪರಿಚಯದ ಸರ್ವಿಸಿನವರು ‘ಡಿಲೀಟ್ ಮಾಡಿ, ಏನೂ ಆಗುವುದಿಲ್ಲ’ ಅಂದರು. ಮಾಡಬಹುದೇ? ಇನ್ನೊಂದು, ವಿಂಡೋಸ್ 10 ವಿಎಂಗಳಲ್ಲಿ 2024ರ ಜನವರಿಯಲ್ಲಿ ಬಂದ ಒಂದು ಅಪ್‌ಡೇಟ್ 0ಎಕ್ಸ್80070643 ಎಂಬ ಎರರ್ ಕೊಟ್ಟು ಮತ್ತೆ ಮತ್ತೆ ಸೋತಿತ್ತು. ಅದಕ್ಕೂ ಈ ಪಾರ್ಟಿಷನ್ನಿಗೂ ಸಂಬಂಧ ಉಂಟಂತೆ, ಹೌದೇ? ಮೂರು ವಿಎಂಗೂ ಸೇರಿ ಹೊರಗೆ ಒಂದೇ ರಿಕವರಿ ಡಿಸ್ಕ್ ಇಟ್ಟುಕೊಳ್ಳಲು ಆಗುತ್ತದೆಯೇ?

ಉತ್ತರ: ಅಳಿಸಬಹುದು. ಆದರೆ ಅಳಿಸುವ ಮುಂಚೆ ಒಂದು ಕಮಾಂಡ್ ಕೊಡಲೇಬೇಕು. ಅದನ್ನು ಬಿಟ್ಟು ಡಿಲೀಟ್ ಮಾಡಿದರೂ ಆ ದಿನ ಏನೂ ಆಗುವುದಿಲ್ಲ, ನಿಮ್ಮ ಸರ್ವಿಸಿನವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ವಿಎಂ ಎಂದಿನಂತೆ ಏಳುತ್ತದೆ, ಟ್ಯಾಲಿ ಓಡುತ್ತದೆ. ಮುಂದೆ ಯಾವತ್ತೋ ಒಂದು ಬೆಳಿಗ್ಗೆ ವಿಂಡೋಸ್ ಏಳದೇ ಹೋದಾಗ ರಿಪೇರಿಯ ಸಾಮಾನು ಇರಬೇಕಾದ ಜಾಗದಲ್ಲಿ ಏನೂ ಇರುವುದಿಲ್ಲ. ಆಗ ತಲೆಬಿಸಿ.

ಮೊದಲು ಅಲ್ಲಿ ಏನಿದೆ ಎಂದು ನೋಡೋಣ. ಆ ಪಾರ್ಟಿಷನ್ನಿನಲ್ಲಿ ‘ರಿಕವರಿ’ ಎಂಬ ಫೋಲ್ಡರ್, ಅದರೊಳಗೆ ‘ವಿಂಡೋಸ್‌ಆರ್‌ಇ’ ಎಂಬ ಫೋಲ್ಡರ್, ಅದರಲ್ಲಿ ‘ವಿನ್‌ಆರ್‌ಇ ಡಾಟ್ ವಿಮ್’ ಎಂಬ ಒಂದು ಫೈಲ್ ಇರುತ್ತದೆ. ವಿಂಡೋಸ್ ರಿಕವರಿ ಎನ್‌ವಿರಾನ್‌ಮೆಂಟ್ (ಚಿಕ್ಕದಾಗಿ ವಿನ್‌ಆರ್‌ಇ) ಅಂದರೆ ಮುಖ್ಯವಾಗಿ ಆ ಒಂದು ಫೈಲೇ. ಅದು ವಿಂಡೋಸ್ ಪಿಇ ಎಂಬ ಚಿಕ್ಕ ವಿಂಡೋಸಿನ ಮೇಲೆ ಕಟ್ಟಿದ್ದು. ನಿಮ್ಮ ದೊಡ್ಡ ವಿಂಡೋಸ್ ಏಳದಿದ್ದಾಗ ಈ ಚಿಕ್ಕದು ರ‍್ಯಾಮಿನಲ್ಲಿ ಬಿಚ್ಚಿಕೊಂಡು ಏಳುತ್ತದೆ, ಎಕ್ಸ್ ಡ್ರೈವ್ ಎಂಬ ಹೆಸರಿನಲ್ಲಿ. ಸಿ ಡ್ರೈವನ್ನು ಅದು ಹೊರಗಿನಿಂದ ನೋಡುತ್ತದೆ, ಹಾಗಾಗಿಯೇ ಅದಕ್ಕೆ ರಿಪೇರಿ ಮಾಡಲು ಆಗುವುದು.

ಈ ಫೈಲ್ ಎಲ್ಲಿದೆ ಎಂಬ ಲೆಕ್ಕ ವಿಂಡೋಸಿನೊಳಗೆ ‘ರೀಏಜೆಂಟ್ ಡಾಟ್ ಎಕ್ಸ್‌ಎಂಎಲ್’ ಎಂಬ ಇನ್ನೊಂದು ಫೈಲಿನಲ್ಲಿ ಬರೆದಿರುತ್ತದೆ. ಯಾವ ಡಿಸ್ಕ್, ಡಿಸ್ಕಿನ ಶುರುವಿನಿಂದ ಎಷ್ಟು ದೂರ, ಯಾವ ಫೋಲ್ಡರ್, ಎಲ್ಲ ಅದರಲ್ಲಿದೆ. ನಿಜವಾದ ಕಂಪ್ಯೂಟರಿನಲ್ಲಿ ಈ ಲೆಕ್ಕ ತಪ್ಪುವುದು ಅಪರೂಪ. ವರ್ಚುವಲ್ ಡಿಸ್ಕಿನಲ್ಲಿ ಜಾಸ್ತಿ. ನಾವು ಡಿಸ್ಕನ್ನು ಹಿಗ್ಗಿಸುತ್ತೇವೆ, ಕಾಪಿ ಮಾಡುತ್ತೇವೆ, ಹಳೆಯ ಕಂಪ್ಯೂಟರನ್ನು ಡಿಸ್ಕ್2ವಿಎಚ್‌ಡಿ ಎಂಬ ಟೂಲ್ ಹಾಕಿ ವಿಎಂ ಆಗಿ ಬದಲಾಯಿಸುತ್ತೇವೆ. ಆ ಹೊತ್ತಿಗೆ ‘ಇದು ಯಾಕೆ’ ಎಂದು ರಿಕವರಿ ಪಾರ್ಟಿಷನ್ನಿನ ಟಿಕ್ ತೆಗೆಯುವವರೂ ಇದ್ದಾರೆ. ಪಾರ್ಟಿಷನ್ ಇಲ್ಲ, ಆದರೆ ಲೆಕ್ಕದಲ್ಲಿ ಹಳೆಯ ವಿಳಾಸ ಉಳಿದುಬಿಡುತ್ತದೆ.

ಈ ಲೆಕ್ಕವನ್ನು ನೋಡುವ, ತಿದ್ದುವ ಕಮಾಂಡಿನ ಹೆಸರು ರೀಏಜೆಂಟ್‌ಸಿ. ಟೈಪ್ ಮಾಡುವಾಗ ಅಕ್ಷರಗಳು ಹೀಗೆ: ಆರ್, ಇ, ಎ, ಜಿ, ಇ, ಎನ್, ಟಿ, ಸಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ರೀಏಜೆಂಟ್‌ಸಿ ಸ್ಲ್ಯಾಶ್ ಇನ್ಫೋ’ ಕೊಡಿ. ‘ಎನೇಬಲ್ಡ್’ ಎಂದೂ ಅದರ ಕೆಳಗೆ ಒಂದು ವಿಳಾಸವೂ ಬಂದರೆ ಒಳ್ಳೆಯದು. ವಿಳಾಸದಲ್ಲಿ ಹಾರ್ಡ್ ಡಿಸ್ಕಿನ ಸಂಖ್ಯೆ, ಪಾರ್ಟಿಷನ್ ಸಂಖ್ಯೆ ಎರಡೂ ಇರುತ್ತವೆ. ಆ ಸಾಲನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಕ್‌ಪಾರ್ಟಿನಲ್ಲಿ (ಪಾರ್ಟಿಷನ್ ಮಾಡುವ, ಅಳಿಸುವ ವಿಂಡೋಸ್ ಟೂಲ್) ಯಾವುದನ್ನು ಅಳಿಸಬೇಕು ಎಂಬುದಕ್ಕೆ ಅದೇ ಆಧಾರ.

ಈಗ ನಾನು ಮೊದಲು ಹೇಳಿದ ಕಮಾಂಡ್: ‘ರೀಏಜೆಂಟ್‌ಸಿ ಸ್ಲ್ಯಾಶ್ ಡಿಸೇಬಲ್’. ಹೆಸರು ಕೇಳಿದರೆ ಬರೀ ಆಫ್ ಮಾಡುತ್ತದೆ ಅನಿಸುತ್ತದೆ. ಆಫ್ ಮಾಡುವುದರ ಜೊತೆಗೆ ಇದು ಇನ್ನೊಂದು ಕೆಲಸ ಮಾಡುತ್ತದೆ. ವಿನ್‌ಆರ್‌ಇ ಫೈಲನ್ನು ಆ ಪಾರ್ಟಿಷನ್ನಿನಿಂದ ಎತ್ತಿ ಸಿ ಡ್ರೈವಿನ ವಿಂಡೋಸ್, ಸಿಸ್ಟಂ32, ರಿಕವರಿ ಫೋಲ್ಡರಿಗೆ ವಾಪಸ್ ತಂದಿಡುತ್ತದೆ. ಅದು ಬಂದ ಮೇಲೆ ಆ ಪಾರ್ಟಿಷನ್ ಬರೀ ಖಾಲಿ ಡಬ್ಬಿ, ಧೈರ್ಯದಿಂದ ಅಳಿಸಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಕೆಲಸಕ್ಕೆ ಇಳಿಯುವ ಮುಂಚೆ ಹೊರಗೆ, ಹೋಸ್ಟ್‌ನಲ್ಲಿ, ಎರಡು ವಿಷಯ ನೋಡಬೇಕು. ಒಂದು, ಹೋಸ್ಟ್‌ನ ಡಿಸ್ಕಿನಲ್ಲಿ ನಿಜವಾಗಿ ಎಷ್ಟು ಜಾಗ ಇದೆ? ಡೈನಮಿಕ್ ವಿಎಚ್‌ಡಿಎಕ್ಸ್ ಆದರೆ 150 ಜಿಬಿ ಎಂದು ಬರೆದ ಕೂಡಲೇ ಅಷ್ಟು ಜಾಗ ಹಿಡಿಯುವುದಿಲ್ಲ, ಬಳಸಿದ ಹಾಗೆ ಬೆಳೆಯುತ್ತದೆ. ಹೋಸ್ಟ್ ತುಂಬಿದರೆ ಹೈಪರ್-ವಿ ಆ ವಿಎಂ ಅನ್ನು ‘ಪಾಸ್ಡ್-ಕ್ರಿಟಿಕಲ್’ ಎಂದು ನಿಲ್ಲಿಸಿಬಿಡುತ್ತದೆ. ಅದೇ ಡಿಸ್ಕಿನಲ್ಲಿರುವ ಉಳಿದ ವಿಎಂಗಳಿಗೂ ಅದೇ ಗತಿ. ಮಂಡಿಯಲ್ಲಿ ತೂಕ ನಡೆಯುತ್ತಿರುವಾಗ ಬಿಲ್ ಬರದೇ ನಿಲ್ಲುವುದು ಬೇಡ, ಅಲ್ವಾ? ಮೂರೂ ವಿಎಂನ ಗರಿಷ್ಠ ಗಾತ್ರ ಕೂಡಿಸಿ ಹೋಸ್ಟ್ ತಡೆದೀತೇ ಎಂದು ನೋಡಿಕೊಳ್ಳಿ.

ಇನ್ನೊಂದು, ಚೆಕ್‌ಪಾಯಿಂಟ್, ಅಂದರೆ ಬೇಕಾದರೆ ವಾಪಸ್ ಹೋಗಲು ವಿಎಂನ ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಡುವುದು. ಚೆಕ್‌ಪಾಯಿಂಟ್ ಇದ್ದರೆ ಹೈಪರ್-ವಿ ಡಿಸ್ಕಿನ ಗಾತ್ರ ಬದಲಿಸಲು ಬಿಡುವುದಿಲ್ಲ. ನೀವು ಹಿಗ್ಗಿಸಿಯಾಗಿದೆ ಅಂದರೆ ಆಗ ಯಾವುದೂ ಇರಲಿಲ್ಲ. ಈಗ ಪಾರ್ಟಿಷನ್ ಕೆಲಸಕ್ಕೆ ಮುಂಚೆ ವಿಎಂ ಶಟ್‌ಡೌನ್ ಮಾಡಿ ಒಂದು ಹೊಸ ಚೆಕ್‌ಪಾಯಿಂಟ್ ಮಾಡಿಕೊಳ್ಳಿ. ಡಿಸ್ಕ್‌ಪಾರ್ಟಿನಲ್ಲಿ ಕೈ ತಪ್ಪಿದರೆ ಹಿಂದಕ್ಕೆ ಹೋಗಲು ಅದೊಂದು ದಾರಿ. ಕೆಲಸ ಮುಗಿದು ಎಲ್ಲ ಸರಿ ಅನಿಸಿದ ಮೇಲೆ ಅದೇ ದಿನ ಅದನ್ನು ಹೈಪರ್-ವಿ ಮ್ಯಾನೇಜರಿನಿಂದಲೇ ಡಿಲೀಟ್ ಮಾಡಿ. ಎವಿಎಚ್‌ಡಿಎಕ್ಸ್ ಫೈಲನ್ನು ಕೈಯಾರೆ ಅಳಿಸಲು ಹೋಗಬೇಡಿ. ಚೆಕ್‌ಪಾಯಿಂಟ್ ಆದ ನಂತರ ಬರೆದ ಎಲ್ಲವೂ ಇರುವುದು ಆ ಫೈಲಿನಲ್ಲೇ. ಮತ್ತೆ, ಇದು ಬ್ಯಾಕಪ್ ಅಲ್ಲ. ಅದೇ ಹೋಸ್ಟ್‌ನ ಅದೇ ಡಿಸ್ಕಿನಲ್ಲಿ ಕೂತಿರುವುದು ಬ್ಯಾಕಪ್ ಆಗುವುದಿಲ್ಲ. ಟ್ಯಾಲಿ ಡೇಟಾ ಬೇರೆ ಡಿಸ್ಕಿಗೆ ಹೋಗಿದೆಯೇ ನೋಡಿ, ಆಮೇಲೆ ಮುಂದುವರಿಯಿರಿ. ಬಿಟ್‌ಲಾಕರ್ (ಡ್ರೈವಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಹಾಕಿದ್ದರೆ ಈ ಕೆಲಸ ಮುಗಿಯುವ ತನಕ ಅದನ್ನು ಸಸ್ಪೆಂಡ್ ಮಾಡಿ.

ಈಗ ವಿಎಂ ಒಳಗಿನ ಕೆಲಸ. ಡಿಸೇಬಲ್ ಕೊಟ್ಟ ಮೇಲೆ ಸಿಸ್ಟಂ32ರ ಒಳಗಿನ ರಿಕವರಿ ಫೋಲ್ಡರಿಗೆ ಹೋಗಿ ‘ಡಿರ್ ಸ್ಲ್ಯಾಶ್ ಎ’ ಕೊಡಿ. ಸ್ಲ್ಯಾಶ್ ಎ ಇಲ್ಲದಿದ್ದರೆ ಫೈಲ್ ಕಾಣುವುದಿಲ್ಲ, ಅದು ಹಿಡನ್. ವಿನ್‌ಆರ್‌ಇ ಅಲ್ಲಿ ಕಂಡರೆ ಮಾತ್ರ ಮುಂದಿನ ಹೆಜ್ಜೆ. ಕಂಡ ಕೂಡಲೇ ಅದರ ಒಂದು ಕಾಪಿ ಹೋಸ್ಟ್‌ಗೆ ಹಾಕಿ, ಫೈಲಿನ ಹೆಸರಿನಲ್ಲಿ ವಿಎಂ ಹೆಸರು ಮತ್ತು ತಾರೀಕು ಸೇರಿಸಿ. ಇದು ನನ್ನ ಹಠ ಎಂದೇ ತಿಳಿಯಿರಿ, ಆದರೆ ಕಾರಣ ಉಂಟು. ಅಪ್‌ಡೇಟ್‌ಗಳು ವಿನ್‌ಆರ್‌ಇಯನ್ನೂ ಬದಲಿಸುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಅಪ್‌ಡೇಟ್ ಹಾಕಿದ ಮೇಲೆ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ಮಾಡದೇ ಹೋದವು. ಪರದೆ ಬರುತ್ತದೆ, ಒತ್ತಲು ಆಗುವುದಿಲ್ಲ. ಮೈಕ್ರೋಸಾಫ್ಟ್ ಅಕ್ಟೋಬರ್ 20ಕ್ಕೆ ತುರ್ತಾಗಿ ಇನ್ನೊಂದು ಅಪ್‌ಡೇಟ್ ಬಿಟ್ಟಿತು. ಅಂಥ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಕಾಪಿ ಕೈಯಲ್ಲಿದ್ದರೆ ಧೈರ್ಯ ಬೇರೆಯೇ.

ಆಮೇಲೆ ಡಿಸ್ಕ್‌ಪಾರ್ಟ್. ‘ಲಿಸ್ಟ್ ಡಿಸ್ಕ್’, ‘ಸೆಲೆಕ್ಟ್ ಡಿಸ್ಕ್’, ‘ಲಿಸ್ಟ್ ಪಾರ್ಟಿಷನ್’ ಎಂದು ಒಂದೊಂದಾಗಿ ಕೊಡಿ. ನಾಲ್ಕು ಸಾಲು ಬರಬೇಕು: 100 ಎಂಬಿಯ ಸಿಸ್ಟಂ ಪಾರ್ಟಿಷನ್, 16 ಎಂಬಿಯ ರಿಸರ್ವ್ಡ್, ದೊಡ್ಡದಾದ ಪ್ರೈಮರಿ, ಕೊನೆಗೆ ಅರ್ಧ ಜಿಬಿ ಆಸುಪಾಸಿನ ರಿಕವರಿ. ಕಾಗದದಲ್ಲಿ ಬರೆದ ಸಂಖ್ಯೆಗೂ ಇಲ್ಲಿನ ರಿಕವರಿಯ ಸಂಖ್ಯೆಗೂ ಹೊಂದಿಕೆ ಇದೆಯೇ ನೋಡಿ. 100 ಎಂಬಿಯದ್ದನ್ನು ಮಾತ್ರ ಮುಟ್ಟಬೇಡಿ ಮಾರಾಯ್ರೆ, ಬೂಟ್ ಆಗುವುದೇ ಅದರಿಂದ. ರಿಕವರಿಯನ್ನು ಸೆಲೆಕ್ಟ್ ಮಾಡಿ, ಮೊದಲು ‘ಡೀಟೇಲ್ ಪಾರ್ಟಿಷನ್’ ಕೊಟ್ಟು ಬಂದದ್ದನ್ನು ನೋಟ್‌ಪ್ಯಾಡಿನಲ್ಲಿ ಕಾಪಿ ಮಾಡಿಟ್ಟು, ಆಮೇಲೆ ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’ ಕೊಡಿ. ಓವರ್‌ರೈಡ್ ಎಂಬ ಮಾತು ಇಲ್ಲದೇ ಹೋದರೆ ಅದು ಕಾಯ್ದಿಟ್ಟ ಪಾರ್ಟಿಷನ್ ಎಂದು ಡಿಸ್ಕ್‌ಪಾರ್ಟ್ ಅಳಿಸಲು ಒಪ್ಪುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ರೈಟ್ ಕ್ಲಿಕ್ ಮಾಡಿದರೆ ಡಿಲೀಟ್ ಸಿಗದೇ ಇರುವುದೂ ಇದೇ ಕಾರಣಕ್ಕೆ.

ಈಗ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಲು ಬರುತ್ತದೆ. ಆದರೆ ಅದು ತೋರಿಸುವ ಪೂರ್ತಿ ಸಂಖ್ಯೆಯನ್ನು ಕೊಡಬೇಡಿ, ಅದರಲ್ಲಿ 1024 ಕಳೆದು ಕೊಡಿ. ಕೊನೆಯಲ್ಲಿ 1 ಜಿಬಿ ಖಾಲಿ ಉಳಿಯುತ್ತದೆ. ಅಲ್ಲಿ ಹೊಸ ರಿಕವರಿ ಪಾರ್ಟಿಷನ್ ಮಾಡಬೇಕು. ಡಿಸ್ಕ್‌ಪಾರ್ಟಿನಲ್ಲೇ ‘ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ’ ಕೊಟ್ಟು, ಎನ್‌ಟಿಎಫ್‌ಎಸ್ ಆಗಿ ಕ್ವಿಕ್ ಫಾರ್ಮ್ಯಾಟ್ ಮಾಡಿ. ನಂತರ ‘ಸೆಟ್ ಐಡಿ’ಯಿಂದ ಅದರ ಜಾತಿ ರಿಕವರಿ ಎಂದು ಗುರುತು ಹಾಕಬೇಕು. ಜಿಪಿಟಿ (ಪಾರ್ಟಿಷನ್ ಪಟ್ಟಿ ಇಡುವ ಹೊಸ ಮಾದರಿ) ಡಿಸ್ಕಿನಲ್ಲಿ ಈ ಗುರುತು ‘ಡಿಇ94’ ಎಂದು ಶುರುವಾಗುವ ಉದ್ದದ ಸಂಖ್ಯೆ. ಅದನ್ನು ಕೈಯಿಂದ ಟೈಪ್ ಮಾಡದೆ, ಹಳೆಯ ಪಾರ್ಟಿಷನ್ ಅಳಿಸುವ ಮುಂಚೆ ‘ಡೀಟೇಲ್ ಪಾರ್ಟಿಷನ್’ ಕೊಟ್ಟು ನೋಟ್‌ಪ್ಯಾಡಿನಲ್ಲಿ ಇಟ್ಟುಕೊಂಡದ್ದರಿಂದ ಕಾಪಿ ಮಾಡಿ. ಅದೇ ಪರದೆಯಲ್ಲಿ ಆಟ್ರಿಬ್ಯೂಟ್ ಎಂಬ ಸಾಲೂ ಇರುತ್ತದೆ: 0ಎಕ್ಸ್ ಆದ ಮೇಲೆ 8, ನಡುವೆ ಸೊನ್ನೆಗಳು, ಕೊನೆಗೆ 1. ಅದನ್ನೂ ‘ಜಿಪಿಟಿ ಆಟ್ರಿಬ್ಯೂಟ್ಸ್’ ಕಮಾಂಡಿನಿಂದ ಹೊಸದಕ್ಕೆ ಕೊಡಿ. ಈ ಗುರುತಿದ್ದರೆ ಪಾರ್ಟಿಷನ್ನಿಗೆ ತಾನಾಗಿ ಡ್ರೈವ್ ಅಕ್ಷರ ಬರುವುದಿಲ್ಲ, ಆಫೀಸಿನ ಹುಡುಗರು ‘ಇದೇನು ಇ ಡ್ರೈವ್’ ಎಂದು ಅದರಲ್ಲಿ ಫೋಟೋ ತುಂಬಿಸುವುದಿಲ್ಲ. ಹಳೆಯ ಜನರೇಷನ್ 1 (ಹೈಪರ್-ವಿಯ ಹಳೆಯ ಮಾದರಿ) ವಿಎಂನ, ಎಂಬಿಆರ್ ಎಂಬ ಹಳೆಯ ಮಾದರಿಯ ಡಿಸ್ಕಾದರೆ ಗುರುತು ಬರೀ 27, ಆಟ್ರಿಬ್ಯೂಟ್ ಬೇಡ.

ಕೊನೆಗೆ ‘ರೀಏಜೆಂಟ್‌ಸಿ ಸ್ಲ್ಯಾಶ್ ಎನೇಬಲ್’, ಮತ್ತೆ ‘ಇನ್ಫೋ’. ವಿಳಾಸದಲ್ಲಿ ಹೊಸ ಪಾರ್ಟಿಷನ್ ಸಂಖ್ಯೆ ಕಂಡರೆ ಕೆಲಸ ಆಯ್ತು.

ಇಲ್ಲಿ ನನ್ನ ಅಭಿಪ್ರಾಯ ಹೇಳಬೇಕು. ಮುಂದಿನ ವರ್ಷ 150 ಜಿಬಿಯೂ ತುಂಬಿದರೆ ಮತ್ತೆ ಇದೇ ಆಟ, ಯಾಕೆಂದರೆ ರಿಕವರಿ ಮತ್ತೆ ಕೊನೆಯಲ್ಲೇ ಕೂತಿದೆ. ವಿಎಚ್‌ಡಿಎಕ್ಸ್ ಕುಗ್ಗಿಸುವುದಿದ್ದರೂ ಅದೇ ಅಡ್ಡ. ಡಿಸ್ಕಿನ ಕೊನೆಯಲ್ಲಿ ಖಾಲಿ ಜಾಗ ಇದ್ದರೆ ಮಾತ್ರ ಫೈಲ್ ಗಾತ್ರ ಇಳಿಸಲು ಬರುತ್ತದೆ. ಸರ್ವರ್ ವಿಎಂಗಳಲ್ಲಿ ಪ್ರತ್ಯೇಕ ಪಾರ್ಟಿಷನ್ ಇಲ್ಲದೇ ಇರಲೂಬಹುದು. ಪಾರ್ಟಿಷನ್ ಇಲ್ಲದೆ ‘ಎನೇಬಲ್’ ಕೊಟ್ಟರೆ ವಿನ್‌ಆರ್‌ಇ ಸಿ ಡ್ರೈವಿನಲ್ಲೇ ಹೋಗಿ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಎರಡು ಮಿತಿ ಇದೆ. ಸಿ ಡ್ರೈವಿಗೆ ಬಿಟ್‌ಲಾಕರ್ ಇದ್ದರೆ ಅಲ್ಲಿ ಎನೇಬಲ್ ಆಗುವುದಿಲ್ಲ. ಸಿ ಡ್ರೈವ್ ಪೂರ್ತಿ ಹಾಳಾದರೆ ಇದೂ ಜೊತೆಗೇ ಹೋಗುತ್ತದೆ. ಸರ್ವರ್ ವಿಎಂಗೆ ಹೊರಗಿನಿಂದ ಐಎಸ್‌ಒ (ಡಿವಿಡಿಯ ಹಾಗೆ ಬಳಸುವ ಫೈಲ್) ಹಾಕುವುದು ಸುಲಭ, ಹಾಗಾಗಿ ಬಿಟ್‌ಲಾಕರ್ ಇಲ್ಲದ ಸರ್ವರಿನಲ್ಲಿ ನಾನು ಪಾರ್ಟಿಷನ್ ಇಡುವುದಿಲ್ಲ. ಮೇಜಿನ ಮೇಲಿರುವ ನಿಜವಾದ ಕಂಪ್ಯೂಟರ್, ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟೇ ಇಡುತ್ತೇನೆ.

ವಿಂಡೋಸ್ 10ರ ಎರರ್ ವಿಷಯ. ಹೌದು, ಸಂಬಂಧ ಉಂಟು. 2024ರ ಜನವರಿ 9ರಂದು ಬಂದ ಆ ಅಪ್‌ಡೇಟಿನ ಸಂಖ್ಯೆ ಕೆಬಿ5034441. ವಿನ್‌ಆರ್‌ಇಯಲ್ಲಿದ್ದ ಒಂದು ತೂತಿನ ಮೂಲಕ ಬಿಟ್‌ಲಾಕರ್ ದಾಟಿ ಡೇಟಾ ನೋಡಲು ಆಗುತ್ತಿತ್ತು, ಅದನ್ನು ಮುಚ್ಚಲು ಬಂದದ್ದು. ಅದಕ್ಕೆ ರಿಕವರಿ ಪಾರ್ಟಿಷನ್ನಿನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಹಳೆಯ ಪಾರ್ಟಿಷನ್‌ಗಳಲ್ಲಿ ಅಷ್ಟು ಜಾಗ ಇರಲಿಲ್ಲ. ಜಾಗ ಸಾಲದು ಎಂದು ನೇರವಾಗಿ ಹೇಳುವ ಬದಲು ಎಷ್ಟೋ ಕಡೆ ಅದು ನೀವು ನೋಡಿದ ಆ ಸಂಖ್ಯೆಯನ್ನು ತೋರಿಸಿತು, ಲೋಕವೆಲ್ಲ ಗೊಂದಲಕ್ಕೆ ಬಿತ್ತು. ಸರ್ವರ್ 2022ಕ್ಕೂ ಇದೇ ಥರದ ಅಪ್‌ಡೇಟ್ ಬಂದಿತ್ತು. ನಿಮ್ಮ ವಿಎಂನಲ್ಲಿ ಬಿಟ್‌ಲಾಕರ್ ಇಲ್ಲದಿದ್ದರೆ ಆ ತೂತಿನಿಂದ ನಿಮಗೆ ಹೊಸ ಅಪಾಯವೇನೂ ಇಲ್ಲ. ಬಿಟ್‌ಲಾಕರ್ ಇದ್ದರೆ ಒಂದು ಮಾತು ನೆನಪಿಡಿ: ಆ ದಾಳಿಗೆ ಕಂಪ್ಯೂಟರ್ ಕೈಗೆ ಸಿಗಬೇಕು ಎಂದು ಬರೆದಿರುತ್ತಾರೆ, ಆದರೆ ವಿಎಂ ಮಟ್ಟಿಗೆ ವಿಎಚ್‌ಡಿಎಕ್ಸ್ ಫೈಲ್ ಸಿಕ್ಕಿದವನಿಗೆ ಕಂಪ್ಯೂಟರೇ ಸಿಕ್ಕಿದ ಹಾಗೆ. ಆ ಫೈಲುಗಳಿರುವ ಫೋಲ್ಡರನ್ನು ಆಫೀಸಿನಲ್ಲಿ ಶೇರ್ ಮಾಡಿ ಇಡಬೇಡಿ.

ಹಳೆಯ ವಿಂಡೋಸ್ 10 ಇನ್‌ಸ್ಟಾಲ್‌ಗಳಲ್ಲಿ ರಿಕವರಿ ಪಾರ್ಟಿಷನ್ ಡಿಸ್ಕಿನ ಶುರುವಿನಲ್ಲೇ ಇರುವುದುಂಟು. ಅದನ್ನು ಅಲ್ಲೇ ದೊಡ್ಡದು ಮಾಡಲು ಬರುವುದಿಲ್ಲ. ಸಿ ಡ್ರೈವಿನ ಬಾಲದಿಂದ 1 ಜಿಬಿ ಕುಗ್ಗಿಸಿ, ಮೇಲೆ ಹೇಳಿದ ಹಾಗೆಯೇ ಕೊನೆಯಲ್ಲಿ ಹೊಸದು ಮಾಡಿ. ಹಳೆಯದು ಸುಮ್ನೆ ಬಿದ್ದಿರಲಿ. ಆದರೆ ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಆ ಎರಡು ವಿಎಂಗಳ ಪಾರ್ಟಿಷನ್ ರಿಪೇರಿಗೆ ಭಾನುವಾರ ಕಳೆಯುವ ಬದಲು ಅವುಗಳ ಜಾಗಕ್ಕೆ ವಿಂಡೋಸ್ 11 ತರುವ ಲೆಕ್ಕ ಹಾಕುವುದು ಮೇಲು.

ನಿಮ್ಮ ಮೂರನೇ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಒಂದೇ ರಿಕವರಿ ಡಿಸ್ಕ್ ಖಂಡಿತ ಇಡಬಹುದು. ಡಿಸ್ಕ್ ಎಂದರೆ ವಿಎಚ್‌ಡಿಎಕ್ಸ್ ಬೇಡ, ಐಎಸ್‌ಒ ಇಡಿ. ಒಂದು ವಿಎಚ್‌ಡಿಎಕ್ಸ್ ಅನ್ನು ಓಡುತ್ತಿರುವ ಎರಡು ವಿಎಂಗೆ ಒಟ್ಟಿಗೆ ಹಾಕಲು ಬರುವುದಿಲ್ಲ. ಐಎಸ್‌ಒ ಬರೀ ಓದುವಂಥದ್ದು, ಮೂರಕ್ಕೂ ಒಂದೇ ಹೊತ್ತಿಗೆ ಹಾಕಬಹುದು. ಹಾಳೂ ಆಗುವುದಿಲ್ಲ. ಸುಲಭದ ದಾರಿ ಎಂದರೆ ಸರ್ವರ್ 2022ರ ಇನ್‌ಸ್ಟಾಲ್ ಐಎಸ್‌ಒವನ್ನು ಹೋಸ್ಟ್‌ನಲ್ಲಿ ಒಂದು ಫೋಲ್ಡರಿನಲ್ಲಿ ಇಡುವುದು. ಅದರಿಂದ ಬೂಟ್ ಮಾಡಿ ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿದರೆ ವಿನ್‌ಆರ್‌ಇಯ ಪರದೆಯೇ ಬರುತ್ತದೆ. ನಿಮ್ಮದೇ ಟೂಲ್‌ಗಳನ್ನು ಸೇರಿಸುವ ಆಸೆ ಇದ್ದರೆ ಮೈಕ್ರೋಸಾಫ್ಟ್‌ನ ಎಡಿಕೆ (ವಿಂಡೋಸ್ ಸಿದ್ಧಪಡಿಸುವ ಟೂಲ್‌ಗಳ ಕಟ್ಟು) ಮತ್ತು ಅದರ ವಿನ್‌ಪಿಇ ಆ್ಯಡ್-ಆನ್ ಹಾಕಿಕೊಂಡು ಸ್ವಂತ ಐಎಸ್‌ಒ ಮಾಡಬಹುದು. ಅದು 72 ಗಂಟೆ ಓಡಿದರೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ದೊಡ್ಡ ಕಾಪಿ ಕೆಲಸವನ್ನು ಅದರಲ್ಲಿ ಬಿಟ್ಟು ಊರಿಗೆ ಹೋಗಬೇಡಿ.

ಜನರೇಷನ್ 2 ವಿಎಂಗಳಲ್ಲಿ ಡಿವಿಡಿ ಡ್ರೈವ್ ಇಲ್ಲದೇ ಇರಬಹುದು. ಸೆಟ್ಟಿಂಗ್‌ನಲ್ಲಿ ಎಸ್‌ಸಿಎಸ್‌ಐ ಕಂಟ್ರೋಲರಿಗೆ ಒಂದು ಡಿವಿಡಿ ಸೇರಿಸಿ, ಐಎಸ್‌ಒ ತೋರಿಸಿ, ಫರ್ಮ್‌ವೇರ್ ಪಟ್ಟಿಯಲ್ಲಿ ಅದನ್ನು ಮೇಲೆ ತನ್ನಿ. ವಿಎಂ ಆನ್ ಮಾಡುವ ಮುಂಚೆಯೇ ಕನೆಕ್ಟ್ ಕಿಟಕಿ ತೆರೆದಿಡಿ, ‘ಪ್ರೆಸ್ ಎನಿ ಕೀ’ ಎಂಬ ಸಾಲು ಬಂದು ಹೋಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ನೀವು ದಿನವೂ ರಿಮೋಟ್ ಡೆಸ್ಕ್‌ಟಾಪಿನಿಂದ ಸರ್ವರಿಗೆ ಹೋಗುವವರಾದರೆ ಇದು ಮುಖ್ಯ: ವಿನ್‌ಆರ್‌ಇ ಎದ್ದಾಗ ರಿಮೋಟ್ ಡೆಸ್ಕ್‌ಟಾಪ್ ಇರುವುದಿಲ್ಲ. ಹೋಸ್ಟ್‌ನ ಹೈಪರ್-ವಿ ಮ್ಯಾನೇಜರಿನಿಂದಲೇ ನೋಡಬೇಕು. ಹೋಸ್ಟ್‌ನ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಇವತ್ತೇ ವಿಚಾರಿಸಿ. ವಿಎಂನ ಲೋಕಲ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನೂ ಬರೆದಿಡಿ. ಡಿಸ್ಕಿನಲ್ಲಿರುವ ವಿನ್‌ಆರ್‌ಇ ಅದನ್ನು ಕೇಳಬಹುದು, ಡೊಮೈನ್ ಖಾತೆ ಅಲ್ಲಿ ನಡೆಯುವುದಿಲ್ಲ.

ಒಳಗೆ ಹೋದ ಮೇಲೆ ಮೊದಲು ಡ್ರೈವ್ ಅಕ್ಷರ ನೋಡಿ. ನಿಮ್ಮ ಸಿ ಡ್ರೈವ್ ಅಲ್ಲಿ ಡಿ ಅಥವಾ ಇ ಆಗಿರಬಹುದು. ‘ಡಿರ್’ ಕೊಟ್ಟು ವಿಂಡೋಸ್, ಯೂಸರ್ಸ್ ಫೋಲ್ಡರುಗಳು ಯಾವುದರಲ್ಲಿವೆ ಎಂದು ಕಂಡುಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ನಮ್ಮ ಕಡೆ ನಾನು ಜಾಸ್ತಿ ನೋಡುವ ತೊಂದರೆ ಒಂದೇ ಥರದ್ದು. ಮಳೆಗಾಲದಲ್ಲಿ, ಅಥವಾ ಏಪ್ರಿಲ್-ಮೇ ತಿಂಗಳ ಸಿಡಿಲು ಮಳೆಗೆ, ಕರೆಂಟು ಹೋಗುತ್ತದೆ. ಯುಪಿಎಸ್ ಸ್ವಲ್ಪ ಹೊತ್ತು ತಡೆದು ಕೈ ಬಿಡುತ್ತದೆ. ಆ ಹೊತ್ತಿಗೆ ವಿಎಂ ಅಪ್‌ಡೇಟ್ ಹಾಕಿಕೊಳ್ಳುತ್ತಾ ಅರ್ಧದಲ್ಲಿರುತ್ತದೆ. ಬೆಳಿಗ್ಗೆ ಬಂದರೆ ವಿಎಂ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ವಿಎಚ್‌ಡಿಎಕ್ಸ್ ಮಾದರಿಯಲ್ಲಿ ಒಂದು ಒಳ್ಳೆಯ ಗುಣ ಉಂಟು. ಹಳೆಯ ವಿಎಚ್‌ಡಿಯಲ್ಲಿ ಇಲ್ಲದ ಲಾಗ್ ವ್ಯವಸ್ಥೆ ಅದರಲ್ಲಿದೆ, ಹಾಗಾಗಿ ಕರೆಂಟು ಹೋದರೂ ಫೈಲಿನ ಚೌಕಟ್ಟು ಕೆಡುವುದು ಕಡಿಮೆ. ಆದರೆ ಅದು ಕಾಯುವುದು ಚೌಕಟ್ಟನ್ನು. ಒಳಗಿನ ವಿಂಡೋಸ್ ಅರ್ಧ ಬರೆದ ಕೆಲಸ ಅರ್ಧವೇ. ಇಂಥ ಹೊತ್ತಿನಲ್ಲಿ ವಿನ್‌ಆರ್‌ಇಯ ಕಮಾಂಡ್ ಪ್ರಾಂಪ್ಟಿನಿಂದ ಡಿಸ್ಮ್ ಎಂಬ ಟೂಲನ್ನು ‘ಇಮೇಜ್’ ಎಂದು ನಿಮ್ಮ ವಿಂಡೋಸ್ ಡ್ರೈವ್ ತೋರಿಸಿ, ‘ಕ್ಲೀನಪ್-ಇಮೇಜ್’, ‘ರಿವರ್ಟ್‌ಪೆಂಡಿಂಗ್‌ಆ್ಯಕ್ಷನ್ಸ್’ ಎಂದು ಓಡಿಸಿ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಅದು ಹಿಂದಕ್ಕೆ ತೆಗೆಯುತ್ತದೆ. ಬೂಟ್ ಫೈಲುಗಳೇ ಹೋಗಿದ್ದರೆ ಮಾತ್ರ ಬಿಸಿಡಿಬೂಟ್. 100 ಎಂಬಿಯ ಸಿಸ್ಟಂ ಪಾರ್ಟಿಷನ್ನಿಗೆ ಒಂದು ಅಕ್ಷರ ಕೊಟ್ಟು, ವಿಂಡೋಸ್ ಫೋಲ್ಡರಿನಿಂದ ಅಲ್ಲಿಗೆ ಬೂಟ್ ಫೈಲುಗಳನ್ನು ಮತ್ತೆ ಬರೆಸುವ ಕಮಾಂಡ್ ಅದು. ಹಲವರು ಮೊದಲು ಹಿಡಿಯುವ ಬೂಟ್‌ರೆಕ್‌ನ ಫಿಕ್ಸ್‌ಬೂಟ್, ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರಿನಿಂದ ಬೂಟ್ ಆಗುವ ಜನರೇಷನ್ 2 ವಿಎಂಗಳಲ್ಲಿ ‘ಆಕ್ಸೆಸ್ ಡಿನೈಡ್’ ಎಂದು ನಿಲ್ಲುವುದೇ ಜಾಸ್ತಿ. ಅದರ ಹಿಂದೆ ಹೊತ್ತು ಕಳೆಯಬೇಡಿ.

ಇದರ ಜೊತೆಗೆ ಒಂದು ಸೆಟ್ಟಿಂಗ್. ಪ್ರತಿ ವಿಎಂಗೂ ‘ಆಟೋಮ್ಯಾಟಿಕ್ ಸ್ಟಾಪ್ ಆ್ಯಕ್ಷನ್’ ಎಂದಿದೆ. ಮಾಮೂಲಿಯಾಗಿ ಅದು ‘ಸೇವ್’ನಲ್ಲಿರುತ್ತದೆ. ಹೋಸ್ಟ್ ಶಟ್‌ಡೌನ್ ಆಗುವಾಗ ವಿಎಂನ ರ‍್ಯಾಮನ್ನು ಪೂರ್ತಿ ಡಿಸ್ಕಿಗೆ ಬರೆಯುತ್ತದೆ. ಬಿಲ್ಲಿಂಗ್ ಇರುವ ವಿಎಂಗೆ ‘ಶಟ್‌ಡೌನ್’ ಎಂದು ಇಡಿ, ಯುಪಿಎಸ್‌ನಿಂದ ಹೋಸ್ಟ್‌ಗೆ ಕೇಬಲ್ ಎಳೆದು ಬ್ಯಾಟರಿ ಇಳಿದಾಗ ಹೋಸ್ಟ್ ತಾನೇ ಕ್ರಮವಾಗಿ ಶಟ್‌ಡೌನ್ ಆಗುವ ಹಾಗೆ ಮಾಡಿ.

ವಿಎಂ ಇಟ್ಟುಕೊಂಡವರಿಗೆ ಇನ್ನೊಂದು ದಾರಿ ಉಂಟು, ಮೇಜಿನ ಕಂಪ್ಯೂಟರಿನಲ್ಲಿ ಇದು ಇಷ್ಟು ಸುಲಭವಿಲ್ಲ. ವಿಎಂ ಆಫ್ ಮಾಡಿ, ಅದರ ವಿಎಚ್‌ಡಿಎಕ್ಸ್ ಅನ್ನು ಹೋಸ್ಟ್‌ನಲ್ಲೇ ಮೌಂಟ್ ಮಾಡಿದರೆ ಒಳಗಿನ ಸಿ ಡ್ರೈವ್ ಒಂದು ಮಾಮೂಲಿ ಡ್ರೈವಿನ ಹಾಗೆ ತೆರೆದುಕೊಳ್ಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಮದ್ದು ಸಣ್ಣದು, ಒಂದು ಫೈಲ್ ಅಳಿಸಬೇಕಿತ್ತು. ಮೇಜಿನ ಕಂಪ್ಯೂಟರ್ ಇದ್ದವರು ಒಂದೊಂದರ ಮುಂದೆಯೂ ಕೂತು ಸೇಫ್ ಮೋಡಿಗೋ ವಿನ್‌ಆರ್‌ಇಗೋ ಹೋಗಬೇಕಾಯಿತು. ವಿಎಂ ಇದ್ದವರಿಗೆ ಡಿಸ್ಕನ್ನು ಬಿಚ್ಚಿ ಬೇರೆ ವಿಎಂಗೆ ಸಿಕ್ಕಿಸಿ, ಫೈಲ್ ಅಳಿಸಿ, ವಾಪಸ್ ಹಾಕುವ ದಾರಿಯೂ ಇತ್ತು.

ಮೌಂಟ್ ಮಾಡುವಾಗ ಎರಡು ಎಚ್ಚರ ಬೇಕು. ಆ ವಿಎಂಗೆ ಚೆಕ್‌ಪಾಯಿಂಟ್ ಇದ್ದರೆ ಮೂಲ ವಿಎಚ್‌ಡಿಎಕ್ಸ್ ಅನ್ನು ಬರೆಯುವ ಹಾಗೆ ಮೌಂಟ್ ಮಾಡಲೇಬೇಡಿ. ಮೂಲದಲ್ಲಿ ಒಂದಿಷ್ಟು ಬದಲಾದರೂ ಅದರ ಮೇಲೆ ಕೂತ ಎವಿಎಚ್‌ಡಿಎಕ್ಸ್‌ಗೆ ಸರಪಳಿ ಕಡಿದ ಹಾಗೆ. ನೋಡುವುದಷ್ಟೇ ಇದ್ದರೆ ರೀಡ್-ಓನ್ಲಿ ಕೊಡಿ. ಎರಡನೆಯದು, ಒಂದೇ ಡಿಸ್ಕಿನ ಎರಡು ಕಾಪಿಗಳನ್ನು ಒಟ್ಟಿಗೆ ಮೌಂಟ್ ಮಾಡಬೇಡಿ. ಎರಡಕ್ಕೂ ಗುರುತು ಒಂದೇ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಇಡುತ್ತದೆ. ನೀವು ಒತ್ತಾಯದಿಂದ ಆನ್‌ಲೈನ್ ಮಾಡಿದರೆ ಅದರ ಗುರುತನ್ನೇ ಬದಲಿಸುತ್ತದೆ, ಆಮೇಲೆ ಆ ಕಾಪಿಯಿಂದ ಬೂಟ್ ಆಗದೇ ಹೋಗಬಹುದು. ಹಳೆಯ ಜನರೇಷನ್ 1 ವಿಎಂಗಳಲ್ಲಿ ಇದರ ಪೆಟ್ಟು ಜೋರು.

ವಿಂಡೋಸ್ 11 ತಂದರೆ ವರ್ಚುವಲ್ ಟಿಪಿಎಂ (ಕೀಗಳನ್ನು ಕಾಯುವ ಭದ್ರತಾ ಚಿಪ್ಪಿನ ವರ್ಚುವಲ್ ರೂಪ) ಬೇಕಾಗುತ್ತದೆ, ಅದರೊಟ್ಟಿಗೆ ಒಂದು ಹೊಸ ಜವಾಬ್ದಾರಿ. ಟಿಪಿಎಂ ಇರುವ ವಿಎಂ ಆ ಹೋಸ್ಟ್‌ನ ಸರ್ಟಿಫಿಕೇಟುಗಳಿಗೆ ಕಟ್ಟಿಕೊಂಡಿರುತ್ತದೆ. ಹೋಸ್ಟ್ ಸುಟ್ಟು, ವಿಎಚ್‌ಡಿಎಕ್ಸ್ ಮತ್ತು ಉಳಿದ ಫೈಲುಗಳನ್ನು ಬೇರೆ ಹೋಸ್ಟ್‌ಗೆ ಹಾಕಿದರೂ ಆ ಸರ್ಟಿಫಿಕೇಟುಗಳಿಲ್ಲದೆ ವಿಎಂ ಶುರುವಾಗುವುದಿಲ್ಲ. ಹೋಸ್ಟ್‌ನ ಸರ್ಟಿಫಿಕೇಟ್ ಮ್ಯಾನೇಜರಿನಲ್ಲಿ ‘ಶೀಲ್ಡೆಡ್ ವಿಎಂ ಲೋಕಲ್ ಸರ್ಟಿಫಿಕೇಟ್ಸ್’ ಎಂಬಲ್ಲಿ ಎರಡು ಇರುತ್ತವೆ, ಒಂದು ಸೈನಿಂಗ್, ಇನ್ನೊಂದು ಎನ್‌ಕ್ರಿಪ್ಷನ್. ಎರಡನ್ನೂ ಪ್ರೈವೇಟ್ ಕೀ ಸಮೇತ ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಮಂಡಿಯ ತಿಜೋರಿಯಲ್ಲಿ ಇಡಿ. ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀಯೂ ಅದೇ ಜಾಗದಲ್ಲಿ ಕಾಗದದ ಮೇಲೆ ಇರಲಿ. ವಿನ್‌ಆರ್‌ಇ ಅದನ್ನು ಕೇಳುತ್ತದೆ. ಅದಿಲ್ಲದೆ ಒಳಗಿನ ಫೈಲು ಒಂದೂ ಸಿಗುವುದಿಲ್ಲ.

ಕೊನೆಗೆ, ‘ಎನೇಬಲ್’ ಕೊಟ್ಟಾಗ ‘ಇಮೇಜ್ ವಾಸ್ ನಾಟ್ ಫೌಂಡ್’ ಎಂದರೆ ಏನು ಮಾಡುವುದು? ಹಿಂದೆ ಯಾರೋ ಡಿಸೇಬಲ್ ಮಾಡದೆ ಪಾರ್ಟಿಷನ್ ಅಳಿಸಿದ ವಿಎಂಗಳಲ್ಲಿ ಹೀಗಾಗುತ್ತದೆ. ನಿಮ್ಮ ವಿಂಡೋಸ್ 10 ವಿಎಂಗಳಲ್ಲೂ ಇರಬಹುದು. ಆಗ ಅದೇ ಆವೃತ್ತಿಯ ಐಎಸ್‌ಒ ತೆರೆದು, ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್ ಡಾಟ್ ವಿಮ್ ಅನ್ನು ಡಿಸ್ಮ್‌ನಿಂದ ರೀಡ್-ಓನ್ಲಿ ಮೌಂಟ್ ಮಾಡಿ. ಅದರೊಳಗಿನ ವಿಂಡೋಸ್, ಸಿಸ್ಟಂ32, ರಿಕವರಿ ಫೋಲ್ಡರಿನಲ್ಲಿ ಹೊಸ ವಿನ್‌ಆರ್‌ಇ ಇರುತ್ತದೆ. ಅದನ್ನು ವಿಎಂನ ಅದೇ ಜಾಗಕ್ಕೆ ಹಾಕಿ. ರೀಏಜೆಂಟ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಹಳೆಯ ವಿಳಾಸ ಉಳಿದಿದ್ದರೆ ಆ ಫೈಲಿನ ಹೆಸರು ಬದಲಿಸಿ ಪಕ್ಕಕ್ಕಿಡಿ. ಎನೇಬಲ್ ಕೊಟ್ಟಾಗ ಹೊಸದು ಹುಟ್ಟುತ್ತದೆ. ಆಮೇಲೆ ‘ರೀಏಜೆಂಟ್‌ಸಿ ಸ್ಲ್ಯಾಶ್ ಬೂಟ್‌ಟುಆರ್‌ಇ’ ಕೊಟ್ಟು ವಿಎಂ ರೀಸ್ಟಾರ್ಟ್ ಮಾಡಿ. ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’ ಕಂಡು, ಕಮಾಂಡ್ ಪ್ರಾಂಪ್ಟ್ ತೆರೆದು, ಟ್ಯಾಲಿ ಫೋಲ್ಡರ್ ಅಲ್ಲಿಂದ ಕಂಡರೆ ಆ ವಿಎಂ ಮಟ್ಟಿಗೆ ಕೆಲಸ ಮುಗಿಯಿತು. ಚೆಕ್‌ಪಾಯಿಂಟ್ ಅಳಿಸುವುದು ಅದಾದ ಮೇಲೆ. ಕಾಣದಿದ್ದರೆ ‘ಇನ್ಫೋ’ ಮತ್ತು ‘ಲಿಸ್ಟ್ ಪಾರ್ಟಿಷನ್’ ಎರಡರ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.